ನಡುಸಾಲಿನಲ್ಲಿ ಸದ್ದಿಲ್ಲ

ಬ್ಯಾರೋ ಊರಿನಾಚೆ, ಸೇತುವೆ ದಾಟಿದರೆ ವಾಲ್ನಿ ದ್ವೀಪ.
ಅಲ್ಲೊಂದು ಹಲಗೆನೆಲದ ಹಳೇ ಹಾಲ್.
ಸಂಜೆ ಏಳಕ್ಕೆ ಕುಣಿತ. ಮೂರೂವರೆಗೇ ನಾನು
ವ್ಯಾನಿನ ಹಿಂಬಾಗಿಲು ತೆರೆದು, ಗಾಳಿಗೆ ಬೆನ್ನು ಕೊಟ್ಟು,
ಎರಡು ಸ್ಪೀಕರುಗಳನ್ನು ಒಂದೊಂದಾಗಿ ಎದೆಗವಚಿ
ಒಳಗೆ ತಂದೆ. ನಿದ್ದೆಹೋದ ಮಕ್ಕಳ ಹಾಗೆ,
ಎತ್ತಿಕೊಂಡ ಮೇಲೆಯೇ ಭಾರ ತಿಳಿಯುವುದು.

ಇವು ಹೊಟ್ಟೆಯೊಳಗೇ ಆಂಪ್ಲಿಫೈಯರ್ ಇಟ್ಟುಕೊಂಡ ಜಾತಿ.
ಒಂದೊಂದಕ್ಕೂ ಎರಡೆರಡು ಬಳ್ಳಿ:
ಅನ್ನಕ್ಕೊಂದು, ಮಾತಿಗೊಂದು.
ಅನ್ನ ಗೋಡೆಯಿಂದ, ಮಾತು ಮಿಕ್ಸರಿನಿಂದ.
ಅನ್ನವೂ ಎಲ್ಲರಿಗೂ ಒಂದೇ ಗೋಡೆಯದಾಗಬೇಕು;
ಬೇರೆ ಬೇರೆ ಮನೆಯ ಉಪ್ಪು ತಿಂದರೆ
ರಾತ್ರಿಯಿಡೀ ಗುಂಯ್ ಎಂದು ಗೊಣಗುತ್ತವೆ.
ಬೆನ್ನ ಮೇಲೊಂದು ಪುಟ್ಟ ಗುಂಡಿ, ಮೈಕೋ ಲೈನೋ:
ಗಟ್ಟಿಮಾತಿಗೆ ಪಿಸುಮಾತಿನ ಕಿವಿ ತೆರೆದಿಟ್ಟರೆ
ಬರೀ ಅರಚಾಟ.

ಮುಕ್ಕಾಲಿ ನಿಲ್ಲಿಸಿ, ಗೂಟ ಸಿಗಿಸಿ,
ತಲೆಗಿಂತ ಒಂದು ಗೇಣು ಮೇಲೆತ್ತಿ,
ಮುಖ ತುಸು ಒಳಕ್ಕೆ ತಿರುಗಿಸಿದೆ.
ತಂತಿಯ ಮೇಲೆ ಉದ್ದಕ್ಕೂ ಟೇಪು.
ಕುಣಿವ ಕಾಲು ಕೆಳಗೆ ನೋಡುವುದಿಲ್ಲ.
ಎಬ್ಬಿಸುವಾಗ ಮಿಕ್ಸರ್ ಮೊದಲು, ಸ್ಪೀಕರು ಕೊನೆಗೆ;
ಮಲಗಿಸುವಾಗ ಸ್ಪೀಕರು ಮೊದಲು. ತಪ್ಪಿದರೆ
ಧೊಪ್ಪೆಂದು ಒಂದೇಟು, ಪೆಟ್ಟಿಗೆಗೂ ಎದೆಗೂ.

ಒಂದು, ಎರಡು, ಮೂರು ಎಂದು
ಮೈಕಿಗೆ ಕನ್ನಡದಲ್ಲೇ ಎಣಿಸಿದೆ.
ಯಾವ ಊರಿನ ಹಾಲಿನಲ್ಲೂ ಇದೊಂದು ನನ್ನ ಹಟ.
ಏಳರ ಳಕಾರ ಹಿಂಗೋಡೆ ಮುಟ್ಟಿ ಬಂದರೆ
ಮಿಕ್ಕದ್ದೆಲ್ಲ ಮುಟ್ಟುತ್ತದೆ.
ಗ್ಲೆನಿಸ್ ಅಕಾರ್ಡಿಯನ್ನಿನ ತಿದಿ ಎಳೆದಳು.
ನಾನು ಮೂಲೆಯಿಂದ ಹೆಬ್ಬೆರಳೆತ್ತಿದೆ.

ಕುರ್ಚಿ ಜೋಡಿಸುತ್ತಿದ್ದ ವಿಲ್ಫ್ ಬ್ರೇತ್‌ವೇಟ್
ಆಗ ನಡುಸಾಲಿನಲ್ಲಿ ನಿಂತ.
ನಲವತ್ತು ವರ್ಷ ಹಡಗಿನ ಅಂಗಳದಲ್ಲಿ ಉಕ್ಕು ಬಡಿದು
ಎರಡೂ ಕಿವಿ ಅಲ್ಲೇ ಬಿಟ್ಟುಬಂದವನು.
ಈಗ ಅವನ ಮಾತಿಗೆ ಒಂದೇ ಮಟ್ಟ, ಅದೂ ಏರಿದ್ದು:
"ಇಲ್ಲಿ ಏನೂ ಇಲ್ಲ ಕಣಮ್ಮ!"
ನಕ್ಕು ತಲೆಯಾಡಿಸಿದೆ. ಪಾಪ, ಅಂದುಕೊಂಡೆ.

ಅವನು ಶೂ ಬಿಚ್ಚಿದ.
ಕಾಲುಚೀಲದ ತೂತಿನಲ್ಲಿ ಎಡ ಹೆಬ್ಬೆರಳು ಹೊರಗಿತ್ತು.
ಎಡಕ್ಕೆ ಮೂರು ಹೆಜ್ಜೆ. "ಇದೆ."
ಬಲಕ್ಕೆ ಆರು. "ಇದೆ."
ಮತ್ತೆ ನಡುವೆ ಬಂದು, ಅಂಗಾಲಿನಿಂದ ಹಲಗೆ ತಡವಿ,
"ಸತ್ತಿದೆ," ಎಂದ.

ಹೋಗಿ ನಿಂತೆ. ಹೌದು.
ಗ್ಲೆನಿಸಳ ಎಡಗೈಯ ದಪ್ಪ ಸ್ವರಗಳೆಲ್ಲ ಮಾಯ,
ಬುಡವಿಲ್ಲದೆ ತೇಲುತ್ತಿತ್ತು ಹಾಡು.
ಎತ್ತು ಏರಿಗೆ, ಕೋಣ ನೀರಿಗೆ:
ಒಂದು ಪೆಟ್ಟಿಗೆ ಗಾಳಿಯನ್ನು ತಳ್ಳುವ ಹೊತ್ತಿಗೆ
ಇನ್ನೊಂದು ಜಗ್ಗುತ್ತಿತ್ತು.
ಎರಡೂ ದುಡಿದು ದುಡಿದು ನಡುವೆ ಸೊನ್ನೆ.

ಬಲಗಡೆಯ ಕೇಬಲ್ಲಿನ ತಲೆ ತಿರುಗಿಸಿ ಬಿಚ್ಚಿದೆ.
ಕೆಂಪು ಎರಡಕ್ಕಿರಬೇಕು, ಬಿಳಿ ಮೂರಕ್ಕೆ.
ಇಲ್ಲಿ ಅದಲುಬದಲು. ಬೆಸುಗೆ ನನ್ನದೇ,
ಕೈಬರಹದಂತೆ ಗುರುತು ಸಿಗುತ್ತದೆ.
ಫೆಬ್ರವರಿಯ ಒಂದು ರಾತ್ರಿ, ಅಡುಗೆಮನೆಯ ಮೇಜು,
ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿದ ಫೋನು.
ಅಕ್ಕ ಏನೋ ಹೇಳುತ್ತಿದ್ದಳು, ಬಹಳ ಹೊತ್ತು,
ನಡುವೆ ಒಮ್ಮೆ ಸುಮ್ಮನಾಗಿದ್ದಳು ಕೂಡ.
ನಾನು ಹೂಂ, ಹೂಂ ಎನ್ನುತ್ತ
ಸೀಸದ ಹನಿ ಹೊಳೆಯುವುದನ್ನೇ ನೋಡುತ್ತಿದ್ದೆ.
ಏನು ಹೇಳಿದ್ದಳು?

ಬೇರೆ ಕೇಬಲ್ ಹಾಕಿದೆ. ಕೆಟ್ಟದ್ದಕ್ಕೆ ಹಳದಿ ಟೇಪು ಸುತ್ತಿ
ಕೋಟಿನ ಪಕ್ಕ ಇಟ್ಟೆ, ಮರೆಯದ ಹಾಗೆ.
ಗ್ಲೆನಿಸ್ ಮತ್ತೆ ತಿದಿ ತುಂಬಿದಳು.
ವಿಲ್ಫ್ ಕಣ್ಣು ಮುಚ್ಚಿ ನಡುಸಾಲಿನಲ್ಲಿ ನಿಂತ.
ಮೀಟರು ಬಿಟ್ಟು ಅವನ ಪಾದ ನೋಡುತ್ತ
ಫೇಡರನ್ನು ಒಂದೊಂದೇ ಗೆರೆ ಏರಿಸಿದೆ.

ಇನ್ನೂ ಸ್ವಲ್ಪ. ಇನ್ನೊಂದು ಚೂರು.
ಹೊರಗಿಣುಕಿದ ಹೆಬ್ಬೆರಳು
ಮೆಲ್ಲಗೆ ಮೇಲೆದ್ದಿತು.